ಫಿಟ್ಟರ್ ಹುಡುಗನಿಗೆ ಬೇಕಾದ ಇಂಗ್ಲಿಷ್ ಯಾವುದು?

ಪುಣೆಯ ಕಾರ್ಖಾನೆ ಪ್ರದೇಶಗಳಾದ ಭೋಸರಿ, ಚಾಕಣ, ತಳವಡೆ ಕಡೆ ಶಿಫ್ಟ್ ಬಿಡುವ ಹೊತ್ತಿಗೆ ಹೋದರೆ ಗೇಟಿನ ಹೊರಗೆ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದವರು ಇದ್ದಾರೆ. ಮಹಾರಾಷ್ಟ್ರದ ಒಳಗೇ ಇರುವ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಲ್ಲಿ ಹತ್ತನೇ ತರಗತಿ ಮುಗಿಸಿ ಐಟಿಐ ಸೇರಿದವರೂ ಇದ್ದಾರೆ. ಇವರ ಬಗ್ಗೆ ಮನೆಯವರೂ ಸೂಪರ್‌ವೈಸರ್‌ಗಳೂ ಹೇಳುವ ಮಾತು ಒಂದೇ: ಕೈ ಚೆನ್ನಾಗಿದೆ, ಇಂಗ್ಲಿಷ್ ಒಂದು ಬರಲ್ಲ. ಆಮೇಲೆ ಯಾವುದೋ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತಾರೆ. ಅಲ್ಲಿ 'ಮೈ ನೇಮ್ ಈಸ್', 'ಐ ಆಮ್ ಗೋಯಿಂಗ್ ಟು ದ ಮಾರ್ಕೆಟ್' ಕಲಿಸುತ್ತಾರೆ. ತಿಂಗಳುಗಟ್ಟಲೆ ಹೋಗಿ ಬಂದರೂ ಹುಡುಗನಿಗೆ ಡ್ರಾಯಿಂಗ್ ಹಾಳೆಯ ಮೂಲೆಯಲ್ಲಿರುವ ನಾಲ್ಕು ಸಾಲು ಅರ್ಥವಾಗುವುದಿಲ್ಲ.

ಯಾಕೆಂದರೆ ಅದು ಬೇರೆಯೇ ಇಂಗ್ಲಿಷ್. ಅದರಲ್ಲಿ 'ನಾನು', 'ನೀನು' ಇಲ್ಲ. ಹರಟೆ ಇಲ್ಲ, ಶುಭೋದಯ ಇಲ್ಲ. ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಮಾಡಬಾರದು, ಇಷ್ಟೇ. ಒಂದು ಕಸುಬಿಗೆ, ಒಂದು ಕೆಲಸಕ್ಕೆ ಅಂತ ಕಟ್ಟಿಕೊಂಡ ಇಂತಹ ಇಂಗ್ಲಿಷನ್ನು ಬೇರೆಯಾಗಿಯೇ ಕಲಿಸಬೇಕು ಎನ್ನುವ ಒಂದು ಶಿಕ್ಷಣ ಶಾಖೆಯೇ ಇದೆ. ಪೈಲಟ್‌ಗಳಿಗೆ, ನರ್ಸ್‌ಗಳಿಗೆ, ಹಡಗಿನವರಿಗೆ ಹೀಗೆ ಕಲಿಸುತ್ತಾರೆ. ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಮಾತ್ರ ಇದನ್ನು ಕೂತು ಹೇಳಿಕೊಡುವವರು ಕಡಿಮೆ.

ನಮ್ಮಲ್ಲಿ ಐಟಿಐ ವ್ಯವಸ್ಥೆ ಹಳೆಯದು. ಕುಶಲಕರ್ಮಿಗಳ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಫಿಟ್ಟರ್ ಕೋರ್ಸ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಟ್ರೇಡ್ ಥಿಯರಿ, ಪ್ರಾಕ್ಟಿಕಲ್, ವರ್ಕ್‌ಶಾಪ್ ಲೆಕ್ಕ, ಎಂಜಿನಿಯರಿಂಗ್ ಡ್ರಾಯಿಂಗ್, ಇದರ ಜೊತೆ ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅಂತ ಒಂದು ವಿಷಯ. ಇಂಗ್ಲಿಷ್ ಭಾಷೆಗೆ ಅಂತ ಜಾಗ ಇರುವುದು ಆ ಕೊನೆಯ ವಿಷಯದಲ್ಲಿ. ಪರಿಚಯ ಮಾಡಿಕೊಳ್ಳುವುದು, ಬಯೋಡೇಟಾ ಬರೆಯುವುದು, ಸಂದರ್ಶನಕ್ಕೆ ತಯಾರಾಗುವುದು. ಅದೂ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಕಸುಬಿನ ಇಂಗ್ಲಿಷ್ ಕೂತಿರುವುದು ಥಿಯರಿ ಪುಸ್ತಕದಲ್ಲಿ ಮತ್ತು ಡ್ರಾಯಿಂಗ್ ಹಾಳೆಯಲ್ಲಿ. ಅಲ್ಲಿ ಸರ್ ವಿಷಯ ಕಲಿಸುತ್ತಾರೆ, ಭಾಷೆಯನ್ನಲ್ಲ. ಪುಣೆಯಲ್ಲಾದರೆ ವಿವರಣೆ ಮರಾಠಿಯಲ್ಲಿ. ಹಾಗಾಗಿ ಕನ್ನಡ ಶಾಲೆಯಿಂದ ಬಂದ ಹುಡುಗ ಇಂಗ್ಲಿಷ್ ಸಾಲನ್ನು ಮರಾಠಿಯ ಮೂಲಕ ಹಿಡಿದು, ಮನಸ್ಸಿನೊಳಗೆ ಕನ್ನಡಕ್ಕೆ ತಂದುಕೊಳ್ಳಬೇಕು.

ಇದರ ಬಗ್ಗೆ ಒಳ್ಳೆಯ ಅಧ್ಯಯನ ನಡೆದಿರುವುದು ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ. ಭಾಷಾ ಸಂಶೋಧಕಿ ಅವೆರಿಲ್ ಕಾಕ್ಸ್‌ಹೆಡ್ ಮತ್ತು ಅವರ ಜೊತೆಗಾರರು ಬಡಗಿ ಕೆಲಸ, ಪ್ಲಂಬಿಂಗ್, ಫ್ಯಾಬ್ರಿಕೇಶನ್, ವಾಹನ ರಿಪೇರಿ ಈ ನಾಲ್ಕು ಕಸುಬುಗಳ ಪುಸ್ತಕಗಳನ್ನೂ, ಕ್ಲಾಸಿನಲ್ಲಿ ಮತ್ತು ಕೆಲಸದ ಜಾಗದಲ್ಲಿ ಶಿಕ್ಷಕರು ಆಡುವ ಮಾತುಗಳನ್ನೂ ಒಟ್ಟುಮಾಡಿ ಪದಗಳನ್ನು ಎಣಿಸಿದರು. ಪುಸ್ತಕದ ಬರಹದಲ್ಲಿ ಸುಮಾರು ಮೂರರಲ್ಲಿ ಒಂದು ಪದ ಆ ಕಸುಬಿನದ್ದೇ ಆಗಿತ್ತು. ಬಾಯಿಮಾತಿನಲ್ಲಿ ಅದು ತೀರಾ ಕಡಿಮೆ. ಅಂದರೆ ಕೆಲಸ ಮಾಡುತ್ತಾ ಕೇಳಿ ಕಲಿತ ಭಾಷೆ, ಪುಸ್ತಕ ತೆರೆದಾಗ ಎದುರಾಗುವ ಭಾಷೆಗೆ ಸಾಲುವುದಿಲ್ಲ. ಅಲ್ಲಿಗೆ ಕಲಿಯಲು ಬಂದಿರುವ ಟೊಂಗಾ ದ್ವೀಪದ ಹುಡುಗರಿಗಾಗಿ ಅವರ ಭಾಷೆಯಲ್ಲೂ ಕಸುಬಿನ ಪದಗಳ ಪಟ್ಟಿ ಮಾಡಿಕೊಟ್ಟರು. ಪುಣೆಯ ಕನ್ನಡ ಹುಡುಗನ ಸ್ಥಿತಿಯೂ ಅದೇ ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಸುಬಿನ ಇಂಗ್ಲಿಷ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಉದ್ದುದ್ದ ಹೆಸರುಗಳು. ಮೈಕ್ರೋಮೀಟರ್, ಟೇಲ್‌ಸ್ಟಾಕ್, ಕೌಂಟರ್‌ಸಿಂಕ್. ನನ್ನ ಅಭಿಪ್ರಾಯದಲ್ಲಿ ಹೆಸರುಗಳು ದೊಡ್ಡ ತೊಂದರೆಯೇ ಅಲ್ಲ. ಅವು ಕೈಯಿಂದ ಬರುತ್ತವೆ. ದಿನಾ ಹಿಡಿಯುವ ಸಾಮಾನಿನ ಹೆಸರು ಯಾರೂ ಮರೆಯುವುದಿಲ್ಲ. ಊರಲ್ಲಿ ಕಮ್ಮಾರ ಅರ ಅನ್ನುತ್ತಿದ್ದ, ಲೋಹ ಉಜ್ಜುವ ಸಾಧನವನ್ನು ಭೋಸರಿಯ ಹಳೆಯ ಫಿಟ್ಟರ್ ಕಾನಸ್ ಅನ್ನುತ್ತಾನೆ, ಪುಸ್ತಕ ಫೈಲ್ ಅನ್ನುತ್ತದೆ. ಹುಡುಗ ಒಂದು ವಾರದಲ್ಲಿ ಮೂರನ್ನೂ ಆಡುತ್ತಾನೆ. ಪಾನಾ ಅಂದರೂ ಸ್ಪ್ಯಾನರ್ ಅಂದರೂ ಅವನ ಕೈ ಸರಿಯಾದ ಸಾಮಾನಿಗೇ ಹೋಗುತ್ತದೆ. ಸ್ವಲ್ಪ ಎಚ್ಚರ ಬೇಕಾಗಿರುವುದು ಶಾಲೆಯಲ್ಲಿ ಕಲಿತ ಮಾಮೂಲಿ ಪದಗಳು ವರ್ಕ್‌ಶಾಪಿನಲ್ಲಿ ಬೇರೆ ಕೆಲಸ ಮಾಡುವಾಗ. 'ಪ್ಲೇ' ಅಂದರೆ ಎರಡು ಭಾಗಗಳ ನಡುವಿನ ಸಡಿಲ. ವೆಲ್ಡಿಂಗ್‌ನಲ್ಲಿ 'ಲೆಗ್', 'ಥ್ರೋಟ್', 'ಟೋ' ಮೂರೂ ಬೆಸುಗೆಯ ಭಾಗಗಳ ಹೆಸರು. 'ಟ್ಯಾಪ್' ಅಂದರೆ ನಲ್ಲಿಯಲ್ಲ, ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ. ಇವನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು.

ನಿಜವಾಗಿ ಕೆಲಸ ಕೆಡಿಸುವುದು ಸಣ್ಣ ಪದಗಳು. ಅನ್‌ಲೆಸ್, ಅಂಟಿಲ್, ಬಿಫೋರ್, ನಾಟ್ ಲೆಸ್ ದ್ಯಾನ್, ಅಪ್ ಟು, ಅಟ್ ಲೀಸ್ಟ್. ಇವನ್ನು ಕೈಯಲ್ಲಿ ಹಿಡಿದು ನೋಡಲು ಆಗುವುದಿಲ್ಲ, ಯಾವ ಗೋಡೆಯ ಚಾರ್ಟಿನಲ್ಲೂ ಇವುಗಳ ಚಿತ್ರ ಇರುವುದಿಲ್ಲ, ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ ತುಂಬಿ ಒಂದು ಅಂಕ ತಗೊಂಡು ಮರೆತಿರುತ್ತಾರೆ.

ಒಂದು ಡ್ರಾಯಿಂಗ್ ತಗೊಳ್ಳೋಣ. ಒಂದು ಚಿಕ್ಕ ಪ್ಲೇಟು. ಉದ್ದ 80 ಅಂತ ಬರೆದಿದೆ, ಅಷ್ಟೇ. ಮಧ್ಯದ ತೂತಿಗೆ ವ್ಯಾಸದ ಗುರುತು ಹಾಕಿ 25 ಎಚ್7 ಅಂತ ಬರೆದಿದೆ. ಕೆಳಗೆ ಮೂಲೆಯಲ್ಲಿ ನಾಲ್ಕು ಟಿಪ್ಪಣಿಗಳು. ಆಲ್ ಡೈಮೆನ್ಷನ್ಸ್ ಆರ್ ಇನ್ ಎಂಎಂ. ಅನ್‌ಲೆಸ್ ಅದರ್‌ವೈಸ್ ಸ್ಪೆಸಿಫೈಡ್, ಜನರಲ್ ಟಾಲರೆನ್ಸ್ ಐಎಸ್‌ಒ 2768-ಎಂ. ರಿಮೂವ್ ಆಲ್ ಬರ್ಸ್ ಅಂಡ್ ಶಾರ್ಪ್ ಎಡ್ಜಸ್. ಡು ನಾಟ್ ಸ್ಕೇಲ್ ದ ಡ್ರಾಯಿಂಗ್.

ಮೊದಲನೆಯದು ಸುಲಭ, ಅಳತೆಯೆಲ್ಲ ಮಿಲಿಮೀಟರಿನಲ್ಲಿ. ಮೂರನೆಯದೂ ಅಷ್ಟೇ, ಕತ್ತರಿಸಿದ ಮೇಲೆ ಅಂಚಿನಲ್ಲಿ ಉಳಿಯುವ ಮುಳ್ಳು ಮುಳ್ಳಾದ ಲೋಹ ತೆಗೆ, ಚೂಪಾದ ಅಂಚು ಮುರಿ. ನಾಲ್ಕನೆಯದು ಹುಡುಗರನ್ನು ತಡೆದು ನಿಲ್ಲಿಸುತ್ತದೆ. ಸ್ಕೇಲ್ ಅಂದರೆ ಉಕ್ಕಿನ ಪಟ್ಟಿ ಅಂತ ಅವರಿಗೆ ಗೊತ್ತು. ಇಲ್ಲಿ ಅದು ಕ್ರಿಯಾಪದ. ಕಾಗದದ ಮೇಲೆ ಪಟ್ಟಿ ಇಟ್ಟು ಅಳೆದು ಅಳತೆ ತಗೋಬೇಡ, ಬರೆದಿರುವ ಅಂಕಿಯನ್ನೇ ತಗೋ ಅಂತ ಅರ್ಥ. ಝೆರಾಕ್ಸ್ ಮಾಡಿದಾಗ ಚಿತ್ರ ಚಿಕ್ಕದು ದೊಡ್ಡದು ಆಗಿರುತ್ತದೆ, ಅದಕ್ಕೆ ಈ ಮಾತು.

ಎರಡನೆಯ ಸಾಲಿನಲ್ಲಿದೆ ಇಡೀ ಕೆಲಸ. ಟಾಲರೆನ್ಸ್ ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವ ಮಿತಿ, ಐಎಸ್‌ಒ 2768 ಅಂದರೆ ಆ ಮಿತಿಗಳ ಅಂತರರಾಷ್ಟ್ರೀಯ ಪಟ್ಟಿ. 'ಬೇರೆ ಏನೂ ಬರೆದಿಲ್ಲದ ಕಡೆ ಮಾತ್ರ' ಐಎಸ್‌ಒ 2768ರ ಮಧ್ಯಮ ದರ್ಜೆ ಅನ್ವಯಿಸುತ್ತದೆ. 80ರ ಪಕ್ಕ ಏನೂ ಬರೆದಿಲ್ಲ. ಆ ಪಟ್ಟಿಯ ಪ್ರಕಾರ 30ರಿಂದ 120 ಮಿಮೀವರೆಗಿನ ಅಳತೆಗೆ 0.3 ಮಿಮೀ ಆಚೀಚೆ ಬಿಡುವು ಇದೆ. ಉದ್ದ 79.7ರಿಂದ 80.3ರ ಒಳಗೆ ಬಂದರೆ ಪಾಸು. ತೂತಿನ ಪಕ್ಕ ಎಚ್7 ಇದೆ, ಅದು ಆ ತೂತಿಗೇ ಅಂತ ಕೊಟ್ಟ ಟಾಲರೆನ್ಸಿನ ಗುರುತು, ಅಂದರೆ ಅಲ್ಲಿ 'ಬೇರೆ ಬರೆದಿದೆ'. ಅದಕ್ಕೆ ಜನರಲ್ ಟಾಲರೆನ್ಸ್ ಹತ್ತಿರವೂ ಬರುವಂತಿಲ್ಲ. 25ರ ತೂತಿಗೆ ಎಚ್7 ಅಂದರೆ 25.000ದಿಂದ 25.021 ಮಿಮೀ. ಒಟ್ಟು ಬಿಡುವು 21 ಮೈಕ್ರಾನ್, ಒಂದು ಥೌಗಿಂತಲೂ, ಅಂದರೆ ಇಂಚಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅದೂ ಜಾಸ್ತಿ ಆಗುವ ಕಡೆಗೆ ಮಾತ್ರ, 25ಕ್ಕಿಂತ ಒಂದು ಕೂದಲೂ ಕಡಿಮೆ ಆಗುವಂತಿಲ್ಲ. ಹುಡುಗ 'ಅನ್‌ಲೆಸ್' ಪದವನ್ನು ಹಾರಿಸಿ ಓದಿದ ಅಂತಿಟ್ಟುಕೊಳ್ಳಿ. ಅವನಿಗೆ ಕಾಣುವುದು ಜನರಲ್ ಟಾಲರೆನ್ಸ್ ಒಂದೇ. ಆ ಲೆಕ್ಕದಲ್ಲಿ 25 ಇನ್ನೂ ಚಿಕ್ಕ ಅಳತೆಗಳ ಗುಂಪಿಗೆ ಸೇರುತ್ತದೆ, ಅದಕ್ಕೆ 0.2 ಆಚೀಚೆ. ತೂತು 25.15 ಬಂದರೂ ಸರಿಯಿದೆ ಅಂತ ಕೆಳಗಿಡುತ್ತಾನೆ. ಇನ್‌ಸ್ಪೆಕ್ಷನ್‌ನಲ್ಲಿ ತೂತಿನ ಅಳತೆ ಪರೀಕ್ಷಿಸುವ ಗೋ-ನೋಗೋ ಗೇಜಿನ ನೋಗೋ ಕಡೆ, ಅಂದರೆ ಒಳಗೆ ಹೋಗಬಾರದ ತುದಿ, ಸಲೀಸಾಗಿ ಒಳಗೆ ಹೋಗುತ್ತದೆ. ಜಾಬ್ ರಿಜೆಕ್ಟ್. ಹುಡುಗನ ಕೈ ತಪ್ಪು ಮಾಡಲಿಲ್ಲ, ವರ್ನಿಯರ್ ತಪ್ಪು ತೋರಿಸಲಿಲ್ಲ. ಒಂದು ಪದ ಓದಲಿಲ್ಲ, ಅಷ್ಟೇ.

ಈ ಸಣ್ಣ ಪದಗಳು ಕನ್ನಡದವರಿಗೆ ಯಾಕೆ ಇಷ್ಟು ಕಾಡುತ್ತವೆ? ಕಾರಣ ಮಾತಿನ ಸಾಲುಕ್ರಮ. ನಾವು ಷರತ್ತನ್ನು ಮೊದಲು ಹೇಳುತ್ತೇವೆ, ಬೇಡ ಅನ್ನುವುದನ್ನು ಕೊನೆಗೆ. 'ಸ್ಪಿಂಡಲ್ ಪೂರ್ತಿ ನಿಲ್ಲುವ ತನಕ ಗಾರ್ಡ್ ತೆಗೆಯಬೇಡ.' (ಸ್ಪಿಂಡಲ್ ಅಂದರೆ ಯಂತ್ರದ ತಿರುಗುವ ದಂಡ, ಗಾರ್ಡ್ ಅಂದರೆ ಕೈ ತಾಗದಂತೆ ಹಾಕಿರುವ ಮುಚ್ಚಳ.) ಇಂಗ್ಲಿಷ್ ಮ್ಯಾನ್ಯುಯಲ್‌ನಲ್ಲಿ ಅದೇ ಮಾತು 'ಡು ನಾಟ್ ರಿಮೂವ್ ದ ಗಾರ್ಡ್ ಅಂಟಿಲ್ ದ ಸ್ಪಿಂಡಲ್ ಸ್ಟಾಪ್ಸ್' ಅಂತ ಬರುತ್ತದೆ. ಬೇಡ ಅನ್ನುವುದು ಮೊದಲೇ ಬಂತು, ಷರತ್ತು ಬಾಲದಲ್ಲಿ ಉಳಿಯಿತು. ತಡವರಿಸಿ ಓದುವ ಹುಡುಗ ಮೊದಲರ್ಧ ಓದುವಷ್ಟರಲ್ಲಿ ಸುಸ್ತಾಗಿ ಬಾಲ ಬಿಟ್ಟುಬಿಡುತ್ತಾನೆ. ಇದಕ್ಕೆ ಒಂದು ಸರಳ ಉಪಾಯ ಇದೆ. ಸಾಲಿನಲ್ಲಿ ಅನ್‌ಲೆಸ್, ಅಂಟಿಲ್, ಬಿಫೋರ್, ಆಫ್ಟರ್, ಇಫ್ ಎಲ್ಲಿದೆ ಅಂತ ಮೊದಲು ಹುಡುಕಬೇಕು. ಅದರ ಕೆಳಗೆ ಗೆರೆ ಎಳೆಯಬೇಕು. ಆ ಪದ ಹಿಡಿದಿರುವ ತುಂಡನ್ನು ಮೊದಲು ಓದಿ, ಆಮೇಲೆ ಉಳಿದ ತುಂಡಿಗೆ ಬರಬೇಕು. ತಾನಾಗಿಯೇ ಕನ್ನಡದ ಕ್ರಮಕ್ಕೆ ಬಂದು ಕೂರುತ್ತದೆ. 'ಐಸೊಲೇಟ್ ದ ಸಪ್ಲೈ ಬಿಫೋರ್ ಓಪನಿಂಗ್ ದ ಪ್ಯಾನೆಲ್' ಅನ್ನು ಬಿಫೋರ್‌ನಿಂದ ಶುರು ಮಾಡಿ ಓದಿ ನೋಡಿ: ಪ್ಯಾನೆಲ್ ತೆಗೆಯುವ ಮುಂಚೆ ಕರೆಂಟ್ ಪೂರ್ತಿ ಕಡಿದು ಹಾಕು. ಎಲೆಕ್ಟ್ರಿಷಿಯನ್‌ಗೆ ಇದು ಅಂಕದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

'ನಾಟ್ ಲೆಸ್ ದ್ಯಾನ್ 5 ಎಂಎಂ' ಕೂಡ ಇದೇ ಜಾತಿ. ಕಣ್ಣಿಗೆ ಬೀಳುವುದು ಲೆಸ್, ಮನಸ್ಸಿಗೆ ಬರುವುದು ಕಡಿಮೆ. ಅರ್ಥ ಮಾತ್ರ ಐದು ಅಥವಾ ಜಾಸ್ತಿ. 5ಕ್ಕಿಂತ ಕಡಿಮೆ ಆಗಬಾರದು ಅಂತ ಕನ್ನಡದಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಕೊಂಡರೆ ಗೊಂದಲ ಹೋಗುತ್ತದೆ.

ಶಲ್, ಶುಡ್, ಮೇ ಈ ಮೂರರ ಬಗ್ಗೆಯೂ ಹೇಳಲೇಬೇಕು. ಶಾಲೆಯಲ್ಲಿ ಇವು ಮೂರೂ ಹೆಚ್ಚುಕಡಿಮೆ ಒಂದೇ ಅನ್ನುವ ಹಾಗೆ ಕಲಿತಿರುತ್ತೇವೆ. ಭಾರತೀಯ ಮಾನಕ ಬ್ಯೂರೋದ ದಾಖಲೆಗಳಲ್ಲಿ ಮೂರಕ್ಕೂ ಬೇರೆ ಬೇರೆ ತೂಕ. ಶಲ್ ಅಂದರೆ ಮಾಡಲೇಬೇಕು, ಬೇರೆ ದಾರಿ ಇಲ್ಲ. ಶುಡ್ ಅಂದರೆ ಮಾಡಿದರೆ ಒಳ್ಳೆಯದು. ಮೇ ಅಂದರೆ ಮಾಡಬಹುದು, ಅನುಮತಿ ಇದೆ. ಎಚ್ಚರಿಕೆಯ ಫಲಕಗಳಲ್ಲೂ ಇಂತಹದೇ ಮೆಟ್ಟಿಲುಗಳಿವೆ. ಅಮೆರಿಕದ ಆನ್ಸಿ ಝಡ್535 ಮಾನಕದ ಪ್ರಕಾರ ಕೆಂಪು 'ಡೇಂಜರ್' ಇದ್ದರೆ, ಮಾತು ಕೇಳದಿದ್ದರೆ ಸಾವು ಅಥವಾ ಭಾರೀ ಗಾಯ ಆಗಿಯೇ ಆಗುತ್ತದೆ ಅಂತ. ಕಿತ್ತಳೆ 'ವಾರ್ನಿಂಗ್' ಇದ್ದರೆ ಆಗಬಹುದು. ಹಳದಿ 'ಕಾಷನ್' ಇದ್ದರೆ ಸಣ್ಣಪುಟ್ಟ ಗಾಯ ಆಗಬಹುದು. ಯಂತ್ರಗಳ ಮೇಲೆ ಅಂಟಿಸಿರುವ ಸ್ಟಿಕ್ಕರ್‌ಗಳಲ್ಲಿ ಇವನ್ನು ನೋಡಬಹುದು. ಇನ್ನೊಂದು ಪದವಂತೂ ನೇರ ಅಪಾಯಕಾರಿ: 'ಇನ್‌ಫ್ಲೇಮಬಲ್'. ನಮ್ಮ ಹೆದ್ದಾರಿಯ ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ದೊಡ್ಡದಾಗಿ ಬರೆದಿರುತ್ತದೆ. ಇನ್‌ಕರೆಕ್ಟ್, ಇನ್‌ಕಂಪ್ಲೀಟ್ ಕಲಿತ ಹುಡುಗ ಇದನ್ನೂ 'ಉರಿಯದ್ದು' ಅಂತ ಓದಿಕೊಂಡರೆ ಅವನನ್ನು ಬೈಯುವ ಹಾಗಿಲ್ಲ. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಒಂದೇ, ಎರಡಕ್ಕೂ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ. ವೆಲ್ಡಿಂಗ್ ಕ್ಲಾಸಿನ ಮೊದಲ ದಿನವೇ ಇದನ್ನು ಹೇಳಿಬಿಡಬೇಕು.

ಕಷ್ಟಗಳನ್ನೇ ಹೇಳಿದೆ. ಕನ್ನಡದವರಿಗೆ ಸುಲಭವಾಗುವ ಒಂದು ಜಾಗವೂ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ ಅನ್ನುವುದು ನನಗೆ ಬೇಸರ. ಮ್ಯಾನ್ಯುಯಲ್‌ಗಳಲ್ಲಿ ನಾಲ್ಕೈದು ಹೆಸರುಗಳನ್ನು ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. 'ಸಿಲಿಂಡರ್ ಹೆಡ್ ಬೋಲ್ಟ್ ಟೈಟನಿಂಗ್ ಟಾರ್ಕ್'. ನೋಡಿದ ಕೂಡಲೇ ಹೆದರಿಕೆ ಆಗುತ್ತದೆ. ಇಂತಹ ಸರದಲ್ಲಿ ಮುಖ್ಯ ಪದ ಯಾವಾಗಲೂ ಕೊನೆಯದು. ಇಲ್ಲಿ ಹೇಳುತ್ತಿರುವುದು ಟಾರ್ಕ್ ಬಗ್ಗೆ, ಅಂದರೆ ತಿರುಗಿಸುವ ಬಲದ ಬಗ್ಗೆ, ಅದಕ್ಕೆ ಮೊದಲು ಬಂದದ್ದೆಲ್ಲ ಅದು ಯಾವ ಟಾರ್ಕ್ ಅನ್ನುವುದಕ್ಕೆ. ಕನ್ನಡವೂ ಇದೇ ಕ್ರಮದಲ್ಲಿ ನಡೆಯುತ್ತದೆ. ಅಡುಗೆಮನೆ ಬಾಗಿಲ ಚಿಲಕದ ಸ್ಕ್ರೂ ಅಂದರೆ ನಾವು ಹೇಳುತ್ತಿರುವುದು ಸ್ಕ್ರೂ ಬಗ್ಗೆ ಅಲ್ವಾ? ಹಾಗೆಯೇ ನಡುವೆ ಕನ್ನಡದ ಪ್ರತ್ಯಯ ಸೇರಿಸುತ್ತಾ ಹೋಗಿ: ಸಿಲಿಂಡರ್ ಹೆಡ್ಡಿನ ಬೋಲ್ಟನ್ನು ಟೈಟ್ ಮಾಡುವ ಟಾರ್ಕ್. ಒಂದು ಪದವನ್ನೂ ಜಾಗ ಬದಲಿಸಬೇಕಾಗಿಲ್ಲ. ಸ್ಪಿಂಡಲ್ ಬೇರಿಂಗ್ ಲೂಬ್ರಿಕೇಶನ್ ಪಂಪ್ ಅಂದರೆ ಸ್ಪಿಂಡಲ್‌ನ ಬೇರಿಂಗಿಗೆ ಎಣ್ಣೆ ಹಾಯಿಸುವ ಪಂಪ್. ಹಾಗಂತ ಸ್ಪಿಂಡಲ್‌ಗೆ, ಬೇರಿಂಗಿಗೆ ಕನ್ನಡದ ಹೊಸ ಪದ ಹುಡುಕಿ ಹುಡುಗನಿಗೆ ಕೊಡುವುದು ಬೇಡ ಅನ್ನುತ್ತೇನೆ. ಹೆಸರು ಇಂಗ್ಲಿಷಿನದೇ ಇರಲಿ, ಪೋಣಿಸುವ ದಾರ ಕನ್ನಡದ್ದಿರಲಿ.

ಇಂಗ್ಲಿಷ್ ಮಾತೃಭಾಷೆಯಲ್ಲದ ಮೆಕ್ಯಾನಿಕ್‌ಗಳ ಕಷ್ಟ ವಿಮಾನ ಉದ್ಯಮಕ್ಕೆ ಬಹಳ ಮುಂಚೆಯೇ ಗೊತ್ತಾಗಿತ್ತು. 1970ರ ದಶಕದ ಕೊನೆಯಲ್ಲಿ ಯುರೋಪಿನ ವಿಮಾನ ಕಂಪನಿಗಳು ರಿಪೇರಿ ಮ್ಯಾನ್ಯುಯಲ್‌ಗಳ ಭಾಷೆ ಸರಳ ಮಾಡಿ ಅಂತ ಕೇಳಿದವು. 1986ರಲ್ಲಿ ಅದಕ್ಕೆ ಒಂದು ಕೈಪಿಡಿ ಬಂತು. ಈಗ ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಸುಮಾರು 900 ಸಾಮಾನ್ಯ ಪದಗಳು, ಅದರ ಮೇಲೆ ಆಯಾ ಯಂತ್ರದ ಹೆಸರುಗಳು. ಒಂದು ಪದಕ್ಕೆ ಒಂದೇ ಅರ್ಥ. ಉದಾಹರಣೆಗೆ 'ಫಾಲೋ' ಅಂದರೆ ಹಿಂದೆ ಬರುವುದು ಮಾತ್ರ, ನಿಯಮ ಪಾಲಿಸು ಅನ್ನುವುದಕ್ಕೆ 'ಒಬೇ' ಅಂತಲೇ ಬರೆಯಬೇಕು. ಕೆಲಸ ಹೇಳುವ ವಾಕ್ಯ 20 ಪದ ದಾಟಬಾರದು, ವಿವರಣೆಯ ವಾಕ್ಯ 25 ದಾಟಬಾರದು. ಮೂರಕ್ಕಿಂತ ಜಾಸ್ತಿ ಹೆಸರುಗಳನ್ನು ಸರ ಪೋಣಿಸಬಾರದು. ಅಂದರೆ ಮೇಲೆ ಹೇಳಿದ ಸಿಲಿಂಡರ್ ಹೆಡ್ಡಿನ ಸರವನ್ನು ವಿಮಾನದವರು ಒಪ್ಪುವುದೇ ಇಲ್ಲ. ಚಾಕಣದ ಕಾರ್ಖಾನೆಗೆ ಬರುವ ಎಲ್ಲ ಮ್ಯಾನ್ಯುಯಲ್‌ಗಳೂ ಹೀಗೆ ಬರೆದಿರುವುದಿಲ್ಲ, ನಿಜ. ಆದರೆ ಐಟಿಐ ಸರ್‌ಗಳು ಬೋರ್ಡಿನ ಮೇಲೆ ಬರೆಯುವಾಗ, ಕಂಪನಿಯವರು ಯಂತ್ರದ ಪಕ್ಕ ಕೆಲಸದ ಸೂಚನೆ ನೇತುಹಾಕುವಾಗ ಈ ನಿಯಮಗಳನ್ನು ಇಟ್ಟುಕೊಳ್ಳಲು ಏನು ಅಡ್ಡಿ? ದುಡ್ಡು ಬೇಕಾಗಿಲ್ಲ.

ಕೋಡುಗಳೂ ಒಂದು ಭಾಷೆಯೇ, ಅದು ಹುಡುಗರಿಗೆ ಬೇಗ ಹತ್ತುತ್ತದೆ. ವೆಲ್ಡಿಂಗ್ ರಾಡಿನ ಮೇಲೆ ಇ6013 ಅಂತಿದ್ದರೆ ಇ ಅಂದರೆ ಎಲೆಕ್ಟ್ರೋಡ್, 60 ಅಂದರೆ ಬೆಸುಗೆಯ ಕನಿಷ್ಠ ಎಳೆತದ ಬಲ ಚದರ ಇಂಚಿಗೆ 60,000 ಪೌಂಡ್, 1 ಅಂದರೆ ಎಲ್ಲ ಪೊಸಿಷನ್‌ಗಳಲ್ಲೂ ಬಳಸಬಹುದು, ಕೊನೆಯ ಅಂಕಿ ಅದರ ಹಿಂದಿನದರ ಜೊತೆ ಸೇರಿ ಲೇಪನ ಮತ್ತು ಕರೆಂಟಿನ ಬಗೆ ಹೇಳುತ್ತದೆ. ಗಲ್ಫ್ ಕೆಲಸಕ್ಕೆ ಮುಂಬೈಯಲ್ಲಿ ಟ್ರೇಡ್ ಟೆಸ್ಟ್ ಕೊಡಲು ಹೋಗುವ ವೆಲ್ಡರ್‌ಗೆ 6ಜಿ ಅಂದರೆ 45 ಡಿಗ್ರಿ ವಾಲಿಸಿ ಬಿಗಿದ, ತಿರುಗಿಸುವಂತಿಲ್ಲದ ಪೈಪು ಅಂತ ಬಾಯಿಪಾಠವಾಗಿರುತ್ತದೆ. ಪುಣೆಯಲ್ಲಿ ಜರ್ಮನ್ ಕಂಪನಿಗಳು ಜಾಸ್ತಿ. ಜರ್ಮನ್ ಡ್ರಾಯಿಂಗಿನಲ್ಲಿ 25,4 ಅಂತ ಅಲ್ಪವಿರಾಮ ಕಂಡರೆ ಅದು ನಮ್ಮ 25.4, ಬೇರೇನಲ್ಲ.

ಓದುವುದಾಯಿತು, ಬರೆಯುವುದು? ಕಸುಬಿನವನು ಬರೆಯುವುದು ಪ್ರಬಂಧವಲ್ಲ, ಶಿಫ್ಟ್ ರಿಜಿಸ್ಟರು ಮತ್ತು ಬ್ರೇಕ್‌ಡೌನ್ ಸ್ಲಿಪ್. ಇದರಲ್ಲಿ 'ಮಷಿನ್ ಪ್ರಾಬ್ಲಮ್' ಅಂತ ಎರಡೇ ಪದ ಬರೆದರೆ ಮೇಂಟೆನೆನ್ಸ್‌ನವರಿಗೆ ಏನೂ ತಿಳಿಯುವುದಿಲ್ಲ. 'ಸ್ಪಿಂಡಲ್ ಸ್ಟಾಪ್ಸ್ ಆಫ್ಟರ್ 10 ಮಿನಿಟ್ಸ್. ಕೂಲಂಟ್ ಲೆವೆಲ್ ಚೆಕ್ಡ್, ಓಕೆ. ಇನ್‌ಫಾರ್ಮ್ಡ್ ಮೇಂಟೆನೆನ್ಸ್ ಅಟ್ 2.15.' ಮೂರು ಸಾಲು ಸಾಕು. ಯಾವ ಭಾಗ, ಏನಾಯಿತು, ನಾನು ಏನು ನೋಡಿದೆ, ಯಾರಿಗೆ ಎಷ್ಟು ಹೊತ್ತಿಗೆ ಹೇಳಿದೆ. ನ್ಯೂಜಿಲೆಂಡಿನಲ್ಲಿ ಬಡಗಿ ಕೆಲಸ ಕಲಿಯುವವರು ಬಿಲ್ಡರ್ಸ್ ಡೈರಿ ಅಂತ ಬರೆಯುತ್ತಾರೆ. ಇವತ್ತು ಏನು ಕಟ್ಟಿದೆ, ಯಾವ ಸಾಮಾನು ಬಳಸಿದೆ, ಯಾಕೆ ಹಾಗೆ ಮಾಡಿದೆ ಅಂತ. ಅದು ಮೌಲ್ಯಮಾಪನಕ್ಕೂ ಲೆಕ್ಕವಾಗುತ್ತದೆ. ನಮ್ಮ ಹುಡುಗ ದಿನಕ್ಕೆ ಮೂರು ಸಾಲು ಹೀಗೆ ಬರೆದರೆ, ವ್ಯಾಕರಣ ತಪ್ಪಿದ್ದರೂ ಪರವಾಗಿಲ್ಲ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗಿಂತ ಇದೇ ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ನನಗೆ ಖಾತ್ರಿ.

ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ: ಐಟಿಐ ಪಠ್ಯಗಳನ್ನು ತಯಾರಿಸುವುದು ಚೆನ್ನೈನ ಗಿಂಡಿಯಲ್ಲಿರುವ ನಿಮಿ ಸಂಸ್ಥೆ. 1986ರಲ್ಲಿ ಜರ್ಮನಿಯ ನೆರವಿನಿಂದ ಶುರುವಾದದ್ದು. ಇಂಗ್ಲಿಷ್, ಹಿಂದಿ, ಮರಾಠಿ ಅಲ್ಲದೆ ಕನ್ನಡದಲ್ಲೂ ಪುಸ್ತಕ ತಂದಿದೆ. ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಇ-ಪುಸ್ತಕಗಳನ್ನು ಉಚಿತವಾಗಿ ಓದಬಹುದು. ಪುಣೆಯಲ್ಲಿ ಕಲಿಯುವ ಹುಡುಗನಿಗೆ ಕನ್ನಡದ್ದು ಇದೆ ಅನ್ನುವುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಪಾಠವನ್ನು ಮೊದಲು ಕನ್ನಡದಲ್ಲಿ ಓದಲಿ, ವಿಷಯ ಗೊತ್ತಾಗಲಿ, ಆಮೇಲೆ ಅದೇ ವಿಷಯವನ್ನು ಇಂಗ್ಲಿಷ್ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ಓದಲಿ. ಫಿಟ್ಟರ್ ಮೊದಲ ವರ್ಷದ ಪುಸ್ತಕ ಸೇಫ್ಟಿ ಪಾಠಗಳಿಂದ ಶುರುವಾಗುತ್ತದೆ. ಸುಮ್ನೆ ಪುಟ ತಿರುವಿ ಮುಂದೆ ಹೋಗುವವರೇ ಜಾಸ್ತಿ, ಆದರೆ ಮಾಡು, ಮಾಡಬೇಡ, ಮಾಡುವ ಮುಂಚೆ ಅನ್ನುವ ವಾಕ್ಯಗಳು ಒತ್ತೊತ್ತಾಗಿ ಸಿಗುವುದು ಅಲ್ಲೇ. ಗೆರೆ ಎಳೆಯುವುದನ್ನು ಅಲ್ಲಿಂದ ಶುರು ಮಾಡಬಹುದು.